ಕೆಂಚಕ್ಕ ಕುದುರಿಸಿದ ಕಾವಲು

ಕೂಡ್ಲಿಗಿಯಿಂದ ಕೊಟ್ಟೂರಿನ ತನಕ ಯಾವ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಯಾವ ಮನೆಯಲ್ಲಿ ಹುಡುಗ ಮೀಸೆ ತಿರುವುತ್ತ ಕೂತಿದ್ದಾನೆ ಎಂಬುದೆಲ್ಲ ಕೆಂಚಕ್ಕನಿಗೆ ಬಾಯಿಪಾಠ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಸಣ್ಣ ಕುರಿಹಿಂಡು ಮತ್ತು ತನ್ನ ಬಾಯಿ. ಕುರಿ ಕಾಯುವುದನ್ನು ತಮ್ಮ ಪಾಲಣ್ಣನಿಗೆ ವಹಿಸಿ, ಬಾಯಿ ಬಂಡವಾಳ ಮಾಡಿಕೊಂಡು ಸಂಬಂಧ ಕುದುರಿಸುವ ಕಸುಬಿಗೆ ಇಳಿದಳು.

ಸುಳ್ಳು ಹೇಳುತ್ತಿದ್ದಳು ಎಂದರೆ ಪಾಪ ಬಂದೀತು. ನಿಜಕ್ಕೆ ಸೀರೆ ಉಡಿಸಿ, ಹೂ ಮುಡಿಸಿ ಕಳಿಸುತ್ತಿದ್ದಳು, ಅಷ್ಟೆ. ಹುಡುಗಿ ಜಗಳಗಂಟಿಯಾದರೆ, “ಈಕಿ ನಿಮ್ಮ ಮನಿಗೆ ಬಂದ್ರ ಕಾವಲಿಗೆ ನಾಯಿ ಸಾಕಾದು ಬ್ಯಾಡ ನೋಡ್ರಿ” ಎನ್ನುವಳು. ಸಂಜೆಯಾದರೆ ಕುಡಿದು ಬೀಳುವ ಹುಡುಗನಾದರೆ, “ಹುಡುಗ ಬಾಳ ದುಡಿತಾನ, ಮಬ್ಬಾದ ಕೂಡ್ಲೇ ಮಲಗಿಬಿಡ್ತಾನ” ಎನ್ನುವಳು. ಒಮ್ಮೆ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಆ ಕಸುಬಿನಲ್ಲಿ ಮಾತು ತಿರುಗಿಸಿದವರನ್ನು ಯಾರೂ ಪಡಸಾಲೆಗೆ ಸೇರಿಸುವುದಿಲ್ಲ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪಂಚಾಯ್ತಿ ಅಧ್ಯಕ್ಷ ಹಾಲೇಶಪ್ಪ ಏದುಸಿರು ಬಿಡುತ್ತ ಅವಳ ಮನೆಗೆ ಬಂದ. ಊರ ಪಕ್ಕದ ಕಾವಲಿನ ಮೇಲೆ ಕಲ್ಲು ಒಡೆಯುವವರ ಕಣ್ಣು ಬಿದ್ದಿತ್ತು. ಕಾವಲು ಎಂದರೆ ಹೆಸರಿಗೂ ಒಂದು ಮರವಿಲ್ಲದ ಬಯಲು. ಒಣಹುಲ್ಲು, ಬಾರಿಗಿಡದ ಪೊದೆ, ಹುತ್ತ, ಬಂಡೆ. ಊರಿನ ಕುರಿಗಳೆಲ್ಲ ಬದುಕಿದ್ದು ಅದರ ಮೇಲೆ.

“ಅದು ಹೋದ್ರ ಕುರಿ ಮಾರಿ ಕೈ ತೊಳಕಾಬೇಕು, ಕೆಂಚಕ್ಕ. ಆದ್ರ ಒಂದು ದಾರಿ ಐತಿ. ಕಾಡುಜೀವಕ್ಕಂತ ಸರ್ಕಾರದೋರು ಒಂದು ಜಾಗ ಕಾಯ್ದಿಡ್ತಾರಂತ. ನಮ್ಮ ಕಾವಲು ಇಲ್ಲಾ ಹರಪನಹಳ್ಳಿ ಕಡೀ ಒಂದು ಗುಡ್ಡ, ಎರಡ್ರಾಗ ಒಂದು. ನಮ್ಮದನ್ನ ಆರಿಸಿದ್ರ ಕುರಿ ಮೇಯಬೌದು, ಕಲ್ಲು ಮುಟ್ಟಂಗಿಲ್ಲ. ಬರೋ ಸೋಮವಾರ ನೋಡಾಕ ಬರ್ತಾರ.”

“ಅಂದ್ರ ಹೆಣ್ಣು ನೋಡಾಕ ಬರ್ತಾರ ಅನ್ನು,” ಎಂದು ಕೆಂಚಕ್ಕ ಸೆರಗು ಸಿಕ್ಕಿಸಿದಳು. “ಹಂಗಾದ್ರ ನನಗ ಬಿಡು.”

ಅಲ್ಲಿಗೆ ಊರು ಮದುವೆಮನೆಯಾಯಿತು. ಹೆಣ್ಣು ಬೋಳುಬೋಳಾಗಿ ಕಾಣಬಾರದೆಂದು ಹೊಂಗೆ ಕೊಂಬೆಗಳನ್ನು ಕಡಿದು ತಂದು ಕಾವಲಿನ ತುಂಬ ನೆಡಿಸಿದಳು. ಬಂಡೆಗಳಿಗೆ ಸುಣ್ಣ ಬಳಿಸಿದಳು. ದಾರಿಯ ಬದಿಯ ಹುಲ್ಲು ಸವರಿಸಿ ರಂಗೋಲಿ ಹಾಕಿಸಿದಳು. ಉಳಿದದ್ದು ಹೆಣ್ಣಿನ ಒಂದೇ ಒಂದು ಊನ: ತೋಳ.

“ತೋಳ ಐತಿ ಅಂತ ಗೊತ್ತಾದ್ರ ಯಾರು ಒಪ್ತಾರ?” ಎಂದು ಊರಿಗೆಲ್ಲ ಪಾಠ ಹೇಳಿದಳು. “ಜಿಂಕಿ ಅನ್ರಿ, ನವಿಲು ಅನ್ರಿ. ಆ ಕಳ್ಳ ಮುಂಡೇದರ ಹೆಸರು ಮಾತ್ರ ಎತ್ತಬ್ಯಾಡ್ರಿ.” ಸಾಲದ್ದಕ್ಕೆ ಪಾಲಣ್ಣನ ಕೈಗೆ ಪಟಾಕಿ ಸರ ಕೊಟ್ಟು, ಶನಿವಾರ ಭಾನುವಾರ ಎರಡೂ ದಿನ ತೋಳದ ಗವಿಯ ಮುಂದೆ ಹೊಡೆಸಿದಳು.

ಸೋಮವಾರ ಜೀಪಿನಿಂದ ಇಳಿದದ್ದು ಸುಕನ್ಯಾ ಎಂಬ ಅಧಿಕಾರಿ. ಕೊರಳಲ್ಲಿ ದುರ್ಬೀನು, ತಲೆಗೆ ಟೋಪಿ. ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ಆಯಿತು. ಆಮೇಲೆ ಆಕೆ ಬಿಸಿಲಿಗೆ ಜೋತುಬಿದ್ದ ಒಂದು ಹೊಂಗೆ ಗಿಡವನ್ನು ಸುಮ್ಮನೆ ಮುಟ್ಟಿದಳು. ಅದು ಅಡ್ಡಬಿತ್ತು.

“ಎಳೇ ಬೇರು ನೋಡ್ರಿ,” ಎಂದಳು ಕೆಂಚಕ್ಕ.

“ನಾನು ಮರ ನೋಡೋಕೆ ಬಂದಿಲ್ಲಮ್ಮ. ಇಲ್ಲಿ ತೋಳ ಇದೆ ಅಂತ ಕೇಳಿದ್ದೆ.”

“ಇಲ್ರಿ!” ಎಂದಿತು ಊರು, ಒಂದೇ ಉಸಿರಿಗೆ.

“ನರಿ?”

“ಇಲ್ರಿ!”

“ನಮ್ಮ ಕಾವಲಿನಾಗ ಬಾಳ ಮರ್ಯಾದಸ್ತ ಪ್ರಾಣಿ ಅದಾವ್ರಿ ಮೇಡಂ,” ಎಂದು ಹಾಲೇಶಪ್ಪ ಕೈಮುಗಿದ. “ಒಂದಕ್ಕೂ ಕೆಟ್ಟ ಚಟ ಇಲ್ಲ.”

ಸುಕನ್ಯಾ ಟೋಪಿ ತೆಗೆದು ಬೆವರು ಒರೆಸಿಕೊಂಡಳು. “ಹಾಗಾದರೆ ಆ ಗುಡ್ಡವನ್ನೇ ಬರೆಯಬೇಕು. ಅಲ್ಲಿ ಕರಡಿಯಾದರೂ ಇದೆ. ಮರ ಎಲ್ಲ ಕಡೆ ಬೆಳೆಸಬಹುದಮ್ಮ. ತೋಳ ಬದುಕೋ ಬಯಲು ಎಲ್ಲೂ ಉಳಿದಿಲ್ಲ. ಅದಕ್ಕೇ ಆಸೆಪಟ್ಟು ಇಷ್ಟು ದೂರ ಬಂದೆ.” ಹಾಗೆಂದು ಜೀಪು ಹತ್ತಿದಳು.

ಕೆಂಚಕ್ಕನಿಗೆ ಆಗ ಹೊಳೆಯಿತು. ಊನ ಎಂದು ಮುಚ್ಚಿಟ್ಟದ್ದೇ ಹೆಣ್ಣಿನ ಮೈಮೇಲಿನ ಬಂಗಾರವಾಗಿತ್ತು. ಆಡಿದ ಮಾತು ನುಂಗುವುದೆಂದರೆ ಅವಳಿಗೆ ಊರ ಮುಂದೆ ಸೀರೆ ಬಿಚ್ಚಿದಷ್ಟು ನಾಚಿಕೆ. ಆದರೂ ಓಡಿಹೋಗಿ ಜೀಪಿನ ಮುಂದೆ ಕೂತೇಬಿಟ್ಟಳು.

“ಇಳೀರಿ ಮೇಡಂ. ನಾ ಹೇಳಿದ್ದೆಲ್ಲ ಸುಳ್ಳು. ತೋಳ ಅದಾವ. ನರಿ ಅದಾವ. ಹಾವಿಗಂತೂ ಲೆಕ್ಕನ ಇಲ್ಲ. ಆ ಹೊಂಗಿ ನಿನ್ನೆ ನೆಟ್ಟಿದ್ದು. ಪಟಾಕಿ ಹೊಡೆಸಿದಾಕಿ ನಾನ.”

ಊರೆಲ್ಲ ಬಾಯಿ ತೆರೆದು ನಿಂತಿತು. ಸುಕನ್ಯಾಗೆ ನಗು ತಡೆಯಲಾಗಲಿಲ್ಲ. “ಆಗ ಒಂದೂ ಇರಲಿಲ್ಲ. ಈಗ ಕಾವಲು ತುಂಬ ತೋಳ. ಯಾವುದನ್ನ ನಂಬಲಿ? ಹೊತ್ತು ಮುಳುಗೋ ತನಕ ಕೂತಿರ್ತೀನಿ. ನನ್ನ ಕಣ್ಣಿಗೆ ಬಿದ್ದರೆ ಬರೀತೀನಿ, ಇಲ್ಲದಿದ್ದರೆ ಇಲ್ಲ.”

ಬಾರಿಗಿಡದ ಮರೆಯಲ್ಲಿ ಇಬ್ಬರೂ ಕೂತರು. ಎರಡು ದಿನದಿಂದ ತೋಳಕ್ಕೆ ಹಿಡಿಶಾಪ ಹಾಕುತ್ತಿದ್ದ ಕೆಂಚಕ್ಕನ ಬಾಯಿ ಈಗ ಅದು ಬರಲೆಂದು ಕಂಡಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿತ್ತು. ಬಿಸಿಲು ಕೆಂಪಾಯಿತು, ಗೌಜಲ ಹಕ್ಕಿ ಕೂಗಿತು, ತೋಳ ಬರಲಿಲ್ಲ. ಪಾಲಣ್ಣ ಕುರಿ ಹೊಡೆದುಕೊಂಡು ಮನೆಯ ದಾರಿ ಹಿಡಿದು ಅವರ ಮುಂದೆಯೇ ಬಂದ. ಹಿಂಡಿನ ಹಿಂದೆ ಕುಣಿಯುತ್ತ ಬರುತ್ತಿತ್ತು ಒಂದು ಬಿಳಿ ಮರಿ. ತಾಯಿ ಸತ್ತ ಮೇಲೆ ಕೆಂಚಕ್ಕ ಅದನ್ನು ಬಾಟಲಿ ಹಾಲು ಕುಡಿಸಿ, ತನ್ನ ಕೌದಿಯೊಳಗೆ ಮಲಗಿಸಿಕೊಂಡು ಬದುಕಿಸಿದ್ದಳು.

ಹುತ್ತದ ಹಿಂದಿನಿಂದ ಹುಲ್ಲಿನ ಬಣ್ಣದ್ದೇ ಏನೋ ಒಂದು ಎದ್ದು ಬಂತು. ಎರಡು ದಿನ ಪಟಾಕಿಗೆ ಹೆದರಿ ಉಪವಾಸವಿದ್ದ ಹೊಟ್ಟೆ ಅದು. ಮೈ ತಗ್ಗಿಸಿ, ಸದ್ದಿಲ್ಲದೆ, ನೇರ ಬಿಳಿ ಮರಿಯ ಕಡೆಗೆ ನಡೆಯಿತು.

ಕೆಂಚಕ್ಕನ ಗಂಟಲಿಗೆ ಕೂಗು ಬಂತು. ಒಂದು ಸಲ ಹೋ ಎಂದಿದ್ದರೆ ಸಾಕು, ತೋಳ ಓಡುತ್ತಿತ್ತು, ಮರಿ ಉಳಿಯುತ್ತಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಾಲಣ್ಣ ತೋಳವನ್ನು ಕಂಡು, ಕೋಲೆತ್ತಿ ನುಗ್ಗಿದ. ಅವಳು ಹಾರಿ ಅವನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಿಡೇ ಅಕ್ಕಾ! ಮರೀ ಹೋತು!”

“ಸುಮ್ನಿರಲೇ. ಬೀಗರು ಉಣ್ಣಲಿ.”

ಮಣ್ಣು ಎದ್ದಿತು, ಕುರಿಗಳು ಚೆಲ್ಲಾಪಿಲ್ಲಿಯಾದವು. ಮರಿಯನ್ನು ಕಚ್ಚಿಕೊಂಡು ತೋಳ ಬಯಲು ದಾಟುವುದನ್ನು ಸುಕನ್ಯಾ ದುರ್ಬೀನಿನಲ್ಲಿ ಕಂಡಳು. “ಕಂಡೆ ಕೆಂಚಕ್ಕ, ಕಂಡೆ! ಎಷ್ಟು ಚೆಂದ ಇದೆ!” ಎಂದು ತನ್ನನ್ನು ತಾನೇ ಮರೆತು ಕೂಗಿದಳು.

ಕೆಂಚಕ್ಕನ ಕಣ್ಣಿಂದ ದಳದಳ ನೀರು ಇಳಿಯುತ್ತಿತ್ತು. ಪಂಚೆ ಬಿಡದೆ ನೆಲದ ಮೇಲೆ ಕೂತೇ ಹೇಳಿದಳು: “ಇನ್ನೊಂದೀಟು ಚಂದಾಗಿ ನೋಡ್ರಿ ಮೇಡಂ. ಅದರ ಬಾಯಾಗ ಇರಾದು ನನ್ನ ಕೂಸು.”