ಗುಡಾಣದ ಕಡಲೆ

ನಮ್ಮ ಸೋದರತ್ತೆಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಊರಿಗೆಲ್ಲ ಅವಳು ಬೀಜದತ್ತೆ. ಅಡುಗೆಮನೆಯ ಮೂಲೆಯಲ್ಲಿ ಎದೆಮಟ್ಟದ ಮಣ್ಣಿನ ಗುಡಾಣ, ಅದರ ತುಂಬ ಬಿತ್ತನೆಯ ಕಡಲೆ. ತಾಯಿಯಿಂದ ಅವಳಿಗೆ ಬಂದ ತಳಿ. ಬಿತ್ತನೆಗೆ ಮುಂಚೆ ಊರವರು ಬಂದು ಅಳೆಸಿಕೊಂಡು ಒಯ್ಯುತ್ತಿದ್ದರು. ಒಕ್ಕಣೆ ಮುಗಿದ ಮೇಲೆ ಒಯ್ದಷ್ಟನ್ನೇ ತಂದು ಅದೇ ಗುಡಾಣಕ್ಕೆ ಸುರಿಯುತ್ತಿದ್ದರು. ಯಾವುದು ಯಾರ ಹೊಲದ್ದೆಂದು ಕೇಳುವಂತಿರಲಿಲ್ಲ. ಹಾಗೆ ಬೆರೆತರೇ ಊರು ಒಂದಾಗಿರುತ್ತದೆ ಎಂದು ಅತ್ತೆ ಬೀಗುತ್ತಿದ್ದಳು.

ಗುಡಾಣದ ವಿಷಯದಲ್ಲಿ ಮಾತ್ರ ಅವಳು ಮಹಾ ಜುಗ್ಗಿ. ಚಿಕ್ಕಂದಿನಲ್ಲಿ ನಾನೊಮ್ಮೆ ಒಂದು ಹಿಡಿ ಕದ್ದು ಬಾಯಿಗೆ ಹಾಕಿಕೊಂಡಾಗ, ಬೆರಳು ತೂರಿಸಿ ಕಾಳಷ್ಟನ್ನೂ ಹೊರಗೆ ತೆಗೆದಿದ್ದಳು. ಮನೆಯಲ್ಲಿ ಒಲೆ ಉರಿಯದ ದಿನವೂ ಅದರ ಮುಚ್ಚಳಕ್ಕೆ ಕೈ ಹಚ್ಚಲಿಲ್ಲವಂತೆ.

ಮೊದಲು ನಮ್ಮ ಚಿಕ್ಕಪ್ಪನ ಹೊಲದ ಮೂಲೆಯಲ್ಲಿ ನಾಲ್ಕಾರು ಗಿಡಗಳು ಹಸಿರಿದ್ದಂತೆಯೇ ಜೋತುಬಿದ್ದವು. ಬಾಯಾರಿದೆಯೇನೋ ಎಂದು ಚಿಕ್ಕಪ್ಪ ನೀರು ಬಿಟ್ಟ. ಉಳಿದ ಗಿಡಗಳ ಕಾಳು ವಾಡಿಕೆಯಂತೆ ಗುಡಾಣ ಸೇರಿತು. ಮುಂದಿನ ಬೆಳೆಯಲ್ಲಿ ಎಲ್ಲರ ಹೊಲದಲ್ಲೂ ಅಲ್ಲಲ್ಲಿ ಗಿಡ ಬಾಡಿದವು. ಅದರ ಮರುವರ್ಷ ಹೂ ಬಿಡುವ ಹೊತ್ತಿಗೆ ಊರಿನ ಕಡಲೆ ಅರ್ಧಕ್ಕರ್ಧ ಒಣಗಿ ನಿಂತಿತ್ತು.

ಕೃಷಿ ಕಚೇರಿಯಿಂದ ಬಂದ ಹುಡುಗಿ ಒಂದು ಗಿಡ ಕಿತ್ತು, ಕಾಂಡ ಸೀಳಿ, ಒಳಗಿನ ಕಪ್ಪು ಗೆರೆ ತೋರಿಸಿದಳು. ಇದು ಸೊರಗು ರೋಗ, ಇದರ ಶಿಲೀಂಧ್ರ ಬೀಜದ ಜೊತೆಗೂ ಹೋಗುತ್ತದೆ, ಮಣ್ಣಿನಲ್ಲೂ ವರ್ಷಗಟ್ಟಲೆ ಕೂತಿರುತ್ತದೆ ಎಂದಳು. ಈ ತಳಿ ಅದನ್ನು ತಡೆಯಲಾರದು, ಇನ್ನು ಬಿತ್ತಬೇಡಿ, ತಿನ್ನಲು ಅಡ್ಡಿಯಿಲ್ಲ ಎಂದೂ ಹೇಳಿದಳು.

ಅತ್ತೆ ಕೇಳಿದ್ದು ಒಂದೇ ಮಾತು. “ಹಾಗಾದ್ರೆ ಮನೆ ಮನೆಗೂ ಇದನ್ನ ನಾನೇ ಹಂಚಿದೆನೇನಮ್ಮ?”



ಊರಲ್ಲಿ ಯಾರೂ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಒಂದಕ್ಕೆ ಎರಡು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು. ಬಿತ್ತನೆ ಹತ್ತಿರವಾದಾಗ ಎಲ್ಲರೂ ಪೇಟೆಯಿಂದ ಜೋಳದ ಬೀಜ ತಂದರು. ಅವಳ ಬಾಗಿಲು ದಾಟುವಾಗ ಚೀಲವನ್ನು ಆಚೆ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದರು, ಅವಳಿಗೆ ಕಾಣಬಾರದೆಂದು. ಅತ್ತೆ ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಹೋದಾಗ ಗುಡಾಣ ಬರಿದಾಗಿ ಅಂಗಳದಲ್ಲಿ ಮಗುಚಿಕೊಂಡಿತ್ತು. ಅತ್ತೆ ದೊಡ್ಡ ಹಂಡೆಯಲ್ಲಿ ಕಡಲೆ ಬೇಯಿಸುತ್ತಿದ್ದಳು. ಹೊಗೆಗೋ ಏನೋ, ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ಒಂದು ಹಿಡಿ ಬಸಿದು ಅಂಗೈಗೆ ಹಾಕಿದಳು. ನಾನು ಸುಮ್ಮನೆ ಹಿಡಿದುಕೊಂಡು ನಿಂತೆ.

“ತಿನ್ನೇ, ಇನ್ನು ಬೈಯಲ್ಲ,” ಎಂದಳು. “ಈಗ ಇದು ಬರೀ ಕಾಳು.”

ತಿಂದೆ. ಉಪ್ಪು ಹಾಕುವುದನ್ನು ಮರೆತಿದ್ದಳು.