ಬೆರಕೆ ಮಾತು

ಜುರಾಂಗ್ ವೆಸ್ಟ್‌ನ ತಮ್ಮ ಬ್ಲಾಕಿನ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಶೋಭಾ ಆಂಟಿಗೆ ಬೆರಕೆ ಮಾತೆಂದರೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲೂ ಅದೇ ಕಟ್ಟಪ್ಪಣೆ. ಇಂಗ್ಲಿಷ್ ಪದ ನುಸುಳಿದರೆ, ಅದನ್ನು ಕನ್ನಡದಲ್ಲಿ ಹೇಳುವ ತನಕ ಕೇಳಿದ್ದು ಕೈಗೆ ಸಿಗುತ್ತಿರಲಿಲ್ಲ. ಈ ಪರದೇಶದಲ್ಲೇ ಬೆಳೆದ ಮಗಳು ನಿಶ್ಚಿತಾ ನಗುನಗುತ್ತಲೇ ಎಲ್ಲ ಕಲಿತಿದ್ದಳು.

2016ರಲ್ಲಿ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳ ಮಾತು ತಡವರಿಸತೊಡಗಿತು.

"ಅಮ್ಮ, ಆ... ಸ್ಪೂನ್ ಕೊಡು ಲಾ" ಅಂದಳು ಇಲ್ಲಿನವರ ಧಾಟಿಯಲ್ಲಿ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು.

"ಸ್ಪೂನ್ ಅಂದ್ರೇನು? ಕೆಲಸ ಸಿಕ್ಕಿದ್ದೇ ಕನ್ನಡ ಮರೆತುಹೋಯ್ತಾ?" ಶೋಭಾ ಚಮಚವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ಎಷ್ಟು ತಡಕಾಡಿದರೂ ಮಗಳಿಗೆ ಆ ಪದ ಸಿಗಲಿಲ್ಲ. ತಟ್ಟೆ ಬಿಟ್ಟು ಎದ್ದುಹೋದಳು. ಆಮೇಲಾಮೇಲೆ ಮನೆಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು. ಸಂಬಳದ ಸೊಕ್ಕು ಅಂದುಕೊಂಡರು ಶೋಭಾ.

ನಿಶ್ಚಿತಾ ಆಫೀಸಿನಲ್ಲಿ ಫಿಟ್ಸ್ ಬಂದು ಬಿದ್ದಾಗಲೇ ಸ್ಕ್ಯಾನ್ ಆದದ್ದು. ಮೆದುಳಿನಲ್ಲಿ, ಪದಗಳನ್ನು ಹುಡುಕಿಕೊಡುವ ಜಾಗದಲ್ಲೇ ಗಡ್ಡೆಯಿತ್ತು. ಆಪರೇಷನ್ ಮಾಡಿದ ಡಾಕ್ಟರು, ಎರಡು ಬಗೆಯ ಜೀವಕೋಶಗಳು ಸೇರಿ ಬೆಳೆದ ಅಪರೂಪದ ಗಡ್ಡೆ ಅದು, 'ಮಿಕ್ಸೆಡ್' ಎಂದರು. ಬೆರಕೆ, ಎಂದು ಶೋಭಾರ ಮನಸ್ಸು ತಾನಾಗಿಯೇ ಕನ್ನಡಕ್ಕೆ ತಿರುಗಿಸಿಕೊಂಡಿತು. ಡಾಕ್ಟರು ಮುಂದೆ ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದ ಮಗಳಿಗೆ ಉಪ್ಪಿಟ್ಟು ಬಡಿಸಿ ಕೊಟ್ಟರು. ನಿಶ್ಚಿತಾ ಏನೋ ಕೇಳಲು ಬಾಯಿ ತೆರೆದಳು, ಅಮ್ಮನ ಮುಖ ನೋಡಿ ಸುಮ್ಮನಾದಳು.

"ಸ್ಪೂನ್ ಬೇಕಾ ಪುಟ್ಟಾ?" ಶೋಭಾ ಕೇಳಿದರು.

ಮಗಳು ಬೆದರಿದವಳಂತೆ ಬೇಡವೆಂದು ತಲೆಯಾಡಿಸಿ, ಬಿಸಿ ಉಪ್ಪಿಟ್ಟಿಗೆ ಕೈ ಹಾಕಿದಳು.