ಮುಚ್ಚಳಕ್ಕೆ ಮೆತ್ತಿದ ಕಣಕ

1979ರ ಬೇಸಿಗೆ. ನಾನಾಗ ಹಾನಗಲ್ಲಿನಲ್ಲಿ ಹೆರಿಗೆ ನರ್ಸ್. ಹೋದ ತಿಂಗಳು ತೀರಿಕೊಂಡ ನಮ್ಮ ಯಜಮಾನರು ಅಲ್ಲಿಯೇ ಅಂಬಾಸಡರ್ ಬಾಡಿಗೆ ಕಾರು ಓಡಿಸುತ್ತಿದ್ದರು. ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಆ ಒಂದು ಮಧ್ಯಾಹ್ನ.

ಅಕ್ಕಿಆಲೂರಿನ ಗಿರಿಜಾಳಿಗೆ ಚೊಚ್ಚಲ ಹೆರಿಗೆ. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಹುಬ್ಬಳ್ಳಿಗೆ ಒಯ್ದು ಆಪರೇಶನ್ ಮಾಡಿಸದಿದ್ದರೆ ಇಬ್ಬರೂ ಉಳಿಯುವಂತಿರಲಿಲ್ಲ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ಅತ್ತೆ ನೀಲವ್ವನನ್ನೂ ಕೂರಿಸಿಕೊಂಡು ಯಜಮಾನರ ಕಾರಿನಲ್ಲಿ ಹೊರಟೆವು.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ಬಳೆ ಹರಿದಿತ್ತು. ಬಿಸಿಲಿಗೆ ಆವಿ ಎದ್ದು, ಆ ವಾಸನೆಗೆ ಗಿರಿಜಾ ವಾಂತಿ ಮಾಡತೊಡಗಿದಳು. ಶಿಗ್ಗಾಂವಿಯಲ್ಲಿ ನೀರಿಗೆಂದು ನಿಂತಾಗ ನೀಲವ್ವ ಖಾನಾವಳಿಯಿಂದ ಗೋದಿ ಕಣಕದ ಉಂಡೆ ತಂದು, ಕಡಬಿನ ಪಾತ್ರೆಗೆ ಮೆತ್ತುವ ಹಾಗೆ ಮುಚ್ಚಳಕ್ಕೆಲ್ಲ ಮೆತ್ತಿದಳು.

“ಉಗಿ ಹೊರಗ ಬಿಡದಂಗ ಮಾಡೂದು ನಮಗ ಗೊತ್ತೈತಿ, ತಮ್ಮಾ.”

“ನಮ್ಮ ಮಿಸ್ತ್ರಿಕಿಂತ ನೀವ ಶಾಣ್ಯಾರು ಬಿಡ್ರಿ, ಯವ್ವಾ!” ಯಜಮಾನರು ನಕ್ಕರು. ವಾಸನೆ ನಿಜಕ್ಕೂ ನಿಂತಿತು.

ಊರು ದಾಟಿ ಕೆಲವು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ಕೂಡ ನಿಂತಿತು. ಸುತ್ತ ಬರೀ ಹೊಲ. ಗಿರಿಜಾಳ ನಾಡಿ ನನ್ನ ಬೆರಳಡಿ ಓಡುತ್ತಿತ್ತು. ಯಜಮಾನರು ಬಾನೆಟ್ ಎತ್ತಿ ನೋಡಿದರು. ಪಂಪಿಗೆ ಪೆಟ್ರೋಲ್ ಬರುತ್ತಿರಲಿಲ್ಲ. ಹಿಂದಕ್ಕೆ ಓಡಿ ಬಂದು ಕಣಕ ಕಿತ್ತು ಮುಚ್ಚಳ ತಿರುವಿದರು. ಟ್ಯಾಂಕು ಸುಂಯ್ ಎಂದು ಗಾಳಿ ಎಳೆದುಕೊಂಡಿತು.

ಪೆಟ್ರೋಲ್ ಕಡಿಮೆಯಾದಂತೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು; ಇಲ್ಲವಾದರೆ ಪೆಟ್ರೋಲ್ ಹೊರಗೆ ಬಾರದು. ಅದಕ್ಕೆಂದು ಮುಚ್ಚಳದಲ್ಲಿದ್ದ ಸಣ್ಣ ತೂತೂ ಕಣಕದಡಿ ಸೇರಿತ್ತು.

“ಸಡ್ಲ ಬಿಟ್ರ ಮತ್ತ ವಾಸನಿ ಬರತೈತಿ, ತಂಗೆವ್ವಾ. ತಡ್ಕೋತೀಯೇನು?” ಯಜಮಾನರು ಕೇಳಿದರು.

ಗಿರಿಜಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ವಾಸನಿ ಬರ್ಲಿ, ಅಣ್ಣಾರ. ಗಾಡಿ ನಿಲ್ಲಬಾರ್ದು.”

ಮತ್ತೆ ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು; ತಾಯಿಯೂ ಉಳಿದಳು. ನೀಲವ್ವ ಯಜಮಾನರ ಎರಡೂ ಕೈ ಹಿಡಿದು ಅತ್ತಳು.

ಆಮೇಲೆ ಸವಣೂರು, ಹಿರೇಕೆರೂರುಗಳಲ್ಲೂ ಕೆಲಸ ಮಾಡಿದೆ. ಬಾಣಂತಿಗೆ ಗಾಳಿ ತಾಗೀತೆಂದು ಹಿರಿಯರು ಕಿಟಕಿಯ ಸಂದಿಗೂ ಅರಿವೆ ತುರುಕಿ, ಒಳಗೆ ಕೆಂಡದ ಶಗಡಿ ಇಡುತ್ತಿದ್ದರು. ನಾನು ಬೈಯುತ್ತಿರಲಿಲ್ಲ. ಈ ಕಾರಿನ ಕಥೆ ಹೇಳಿ, ಒಂದು ಕಿಟಕಿಯನ್ನು ಬೆರಳಷ್ಟು ತೆರೆಸುತ್ತಿದ್ದೆ. ಅಕ್ಕರೆಯಿಂದ ಮುಚ್ಚುವವರಿಗೆ ಎಲ್ಲಿ ತೆರೆದಿಡಬೇಕೆಂದು ತೋರಿಸುವುದೂ ನರ್ಸಿನ ಕೆಲಸ. ಅದನ್ನು ಕಲಿಸಿದ್ದು ಆ ಮಧ್ಯಾಹ್ನ.

ಈಗ ನನ್ನ ಜೊತೆಗಿರಲು ಬಂದಿರುವ ಅಕ್ಕ, ಥಂಡಿ ಎಂದು ಕಿಟಕಿ ಮುಚ್ಚುತ್ತಾಳೆ. ಅವಳೆದುರಿಗೇ ಬೆರಳಷ್ಟು ತೆರೆಯುತ್ತೇನೆ. ರಸ್ತೆಯಲ್ಲಿ ಗಾಡಿ ಹೋದರೆ ಪೆಟ್ರೋಲ್ ವಾಸನೆ ಬರುತ್ತದೆ. ಬರಲಿ.